ಒಡವೆಯ ವಿದ್ಯೆಗೆ ತಗಲುವ ವೆಚ್ಚ

ವೈದ್ಯಕೀಯ, ಎಂಜಿನಿಯರಿಂಗ್ ಮೊದಲಾದ ಶಿಕ್ಷಣಗಳ ಹೆಸರು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಲೋಹದ ಕುಸುರಿಗೆಲಸವನ್ನೂ ಆಭರಣಗಳ ರಚನೆಯನ್ನೂ ಕಾಲೇಜಿನಲ್ಲಿ ಓದಿ ಪದವೀಧರರಾಗಬಹುದೆಂಬುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ತಿಳಿದವರಿಗೂ, ಚಿನ್ನದೊಡನೆ ಆಡುವ ವಿದ್ಯೆ ಚಿನ್ನವಿದ್ದವರಿಗೇ ಸರಿ ಎಂಬ ಅಂಜಿಕೆ ಉಂಟು. ಈ ಅಂಜಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಾವು ಇಲ್ಲಿ ತುಸು ಲೆಕ್ಕ ಹಾಕಿ ನೋಡೋಣ.

ಒಂದು ಮಿಲಿಮೀಟರ್ ದಪ್ಪದ ತಗಡಿನಲ್ಲಿ 10 ಸೆಂಟಿಮೀಟರ್ ಉದ್ದದ ಬಳ್ಳಿಯೊಂದನ್ನು ಕೊರೆಯಬೇಕಾಗಿದೆಯೆನ್ನಿ. ಗರಗಸದ ಸಣ್ಣ ಅಲಗು 0.3 ಮಿಲಿಮೀಟರ್ ಅಗಲದ ಸೀಳನ್ನು ಮಾಡಿದರೆ, ಪುಡಿಯಾಗಿ ಉದುರುವ ಲೋಹ 30 ಘನ ಮಿಲಿಮೀಟರ್. ಚಿನ್ನದ ಸಾಂದ್ರತೆ ನೀರಿನದರ 19.3 ಪಟ್ಟು, ಆದುದರಿಂದ ಉದುರಿದ್ದು ಅರೆ ಗ್ರಾಮಿಗೂ ಮಿಗಿಲು! ಅಕ್ಕಸಾಲಿಗರ ಬೀದಿಯ ದೂಳನ್ನು ತೊಳೆದೇ ಜೀವಿಸುವ ಜಲಗಾರರು ನಮ್ಮ ಊರುಗಳಲ್ಲಿ ಇದ್ದುದು ಸುಮ್ಮನೆ ಅಲ್ಲ. ಅದೇ ಬಳ್ಳಿಯನ್ನು ತಾಮ್ರದಲ್ಲಿ ಕೊರೆದರೆ ಹೋಗುವುದು ಕಾಲು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಒಂದು ಗ್ರಾಂ ಚಿನ್ನದ ಬೆಲೆಗೆ ತಾಮ್ರವು ಕಿಲೋಗ್ರಾಂಗಟ್ಟಲೆ ದೊರೆಯುವಾಗ ಈ ನಷ್ಟವನ್ನು ಯಾರೂ ಎಣಿಸುವುದಿಲ್ಲ.

ಹಾಗಾದರೆ ತಾಮ್ರದಲ್ಲಿ ಪಳಗಿದ ಕೈ ಚಿನ್ನದಲ್ಲಿಯೂ ನಡೆದೀತೆ? ಭೌತವಿಜ್ಞಾನದ ಉತ್ತರ, ಬಹುಮಟ್ಟಿಗೆ ಹೌದು. ತಾಮ್ರ, ಬೆಳ್ಳಿ, ಚಿನ್ನ ಈ ಮೂರೂ ಆವರ್ತಕೋಷ್ಟಕದ ಒಂದೇ ಕಂಬದ ನೆಂಟರು. ಇವುಗಳ ಸ್ಫಟಿಕಗಳಲ್ಲಿ ಪರಮಾಣುಗಳು ಜೋಡಿಕೊಂಡಿರುವ ರೀತಿಯೂ ಒಂದೇ. ತಾಮ್ರದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಹೋಗಿ. ಮೊದಲು ಮೃದುವಾಗಿದ್ದ ತಂತಿ ಬರಬರುತ್ತ ಬಿರುಸಾಗಿ ಕೊನೆಗೆ ತುಂಡಾಗುವುದು. ಪರಮಾಣುಗಳ ಸಾಲುಗಳಲ್ಲಿ ಅಲ್ಲಲ್ಲಿ ಇರುವ ತಪ್ಪುಗಳು ಸರಿದಾಡುವುದರಿಂದಲೇ ಲೋಹ ಬಾಗುತ್ತದೆಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಪ್ರತ್ಯೇಕವಾಗಿ ಸೂಚಿಸಿದರು. ಬಡಿದಷ್ಟೂ ಈ ತಪ್ಪುಗಳು ಹೆಚ್ಚಿ, ಒಂದಕ್ಕೊಂದು ತೊಡರಿ, ಸರಿದಾಟ ನಿಲ್ಲುತ್ತದೆ. ಮಂದಗೆಂಪು ಬಣ್ಣ ಬರುವವರೆಗೆ ಕಾಯಿಸಿದರೆ ಹೊಸ ಸ್ಫಟಿಕಗಳು ಮೂಡಿ ಲೋಹವು ಮತ್ತೆ ಮೆತ್ತಗಾಗುವುದು. ಉಕ್ಕಿನಂತೆ ಗಡುಸಾದೀತೆಂಬ ಭಯವಿಲ್ಲದೆ ಬಿಸಿ ತಾಮ್ರವನ್ನು ನೀರಿನಲ್ಲಿ ಅದ್ದಲೂಬಹುದು. ಯಾವ ಏಟಿಗೆ ಲೋಹ ಬಿರುಸಾಯಿತು, ಯಾವಾಗ ಬೆಂಕಿಗೆ ಹಿಡಿಯಬೇಕು ಎಂಬ ಅರಿವು ಪುಸ್ತಕದಿಂದ ಬಾರದು. ಸಾವಿರ ಸಲ ಬಡಿದ ಕೈಗೆ ಮಾತ್ರ ಬರುವುದು. ತಾಮ್ರವು ಕಾಸಿದಾಗ ಕಪ್ಪಾಗುತ್ತದೆ, ಶುದ್ಧ ಚಿನ್ನ ಆಗದು. ಇಂಥ ಭೇದಗಳನ್ನು ಮುಂದೆ ಕಲಿಯಬಹುದು.

ಆದಕಾರಣ ಕಾಲೇಜನ್ನು ಆರಿಸುವವರು ಶುಲ್ಕದ ಅಂಕಿಯೊಂದನ್ನೇ ನೋಡಕೂಡದು. ವಾರಕ್ಕೆ ಎಷ್ಟು ಗಂಟೆ ಕುಲುಮೆಯ ಮುಂದೆ ಕೂರಲು ದೊರೆಯುವುದೆಂದು ಕೇಳಿ, ಶುಲ್ಕವನ್ನು ಆ ಗಂಟೆಗಳಿಂದ ಭಾಗಿಸಬೇಕು. ಕಾಗದದ ಮೇಲೆ ಅಥವಾ ಗಣಕಯಂತ್ರದ ತೆರೆಯ ಮೇಲೆ ಮಾತ್ರ ಒಡವೆ ಬರೆಯಿಸುವ ಶಿಕ್ಷಣ, ಶುಲ್ಕ ಅಲ್ಪವಾದರೂ, ನಮ್ಮ ದೃಷ್ಟಿಯಲ್ಲಿ ದುಬಾರಿಯೇ.

ಕಾರ್ಯಶಾಲೆಯ ಗಾಳಿಯನ್ನೂ ಗಮನಿಸಬೇಕು. ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ತಾಮ್ರ 1085ರಲ್ಲಿಯೂ ಕರಗುತ್ತವೆ. ಇವನ್ನು 72ಕ್ಕೆ 28ರಂತೆ ಬೆರೆಸಿದರೆ ಮಿಶ್ರಲೋಹವು ಸುಮಾರು 780ರಲ್ಲೇ ಕರಗುವುದು. ಬೆಸುಗೆಯ ಗುಟ್ಟೆಲ್ಲ ಈ ಇಳಿಕೆಯಲ್ಲಿದೆ. ಇನ್ನೂ ಇಳಿಸಲೆಂದು ಕ್ಯಾಡ್ಮಿಯಂ ಬೆರೆಸುವ ರೂಢಿ ಬಂದಿತು, ಅಂಗಡಿಗಳ ‘ಕೆ.ಡಿ.ಎಂ.’ ಎಂಬ ಮಾತು ಅದರದೇ. ಆದರೆ ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಆ ಹೊಗೆ ಶ್ವಾಸಕೋಶ, ಮೂತ್ರಪಿಂಡಗಳಿಗೆ ವಿಷ. ಯಾವ ಬೆಸುಗೆ ಬಳಸುತ್ತೀರಿ, ಹೊಗೆ ಹೊರಹೋಗಲು ಏನು ಏರ್ಪಾಡು ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನು ದಾರಿಗಳು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನಾಲ್ಕು ವರ್ಷದ ವಿನ್ಯಾಸ ಪದವಿಯಲ್ಲಿ ಪರಿಕರಗಳ ವಿಭಾಗದವರು ಆಭರಣವನ್ನೂ ಕಲಿಯುತ್ತಾರೆ. ಜೈಪುರದ ಭಾರತೀಯ ಕರಕುಶಲ ಮತ್ತು ವಿನ್ಯಾಸ ಸಂಸ್ಥೆಯಲ್ಲಿ ಲೋಹಕ್ಕೆ ಸ್ಥಾನವಿದೆ. ಇಂಥ ಕಡೆ ಒಟ್ಟು ವೆಚ್ಚ ಹಲವು ಲಕ್ಷ ರೂಪಾಯಿ. ಆದಾಯ ಕಡಿಮೆಯಿರುವವರಿಗೆ ನೆರವು ಉಂಟೇ ಎಂದು ಅರ್ಜಿಗೆ ಮೊದಲೇ ವಿಚಾರಿಸಬೇಕು. ಮೈಸೂರಿನ ‘ಕಾವಾ’ದಂತಹ ಸರ್ಕಾರಿ ಕಲಾ ಕಾಲೇಜಿನಲ್ಲಿ ಶುಲ್ಕ ಬಹಳ ಕಡಿಮೆ. ಅಲ್ಲಿ ಪದವಿಯ ಹೆಸರು ಆಭರಣಕಲೆಯಲ್ಲ, ಶಿಲ್ಪಕಲೆ. ಹೆಸರಿಗೆ ಹೆದರಬೇಕಾಗಿಲ್ಲ: ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು ಲೋಹ ಹೊಯ್ಯುವ ಕ್ರಮ ವಿಗ್ರಹಕ್ಕೆ ಹೇಗೋ ಉಂಗುರಕ್ಕೂ ತತ್ತ್ವತಃ ಹಾಗೆಯೇ. ಎರಕದ ಅಭ್ಯಾಸ ಎಷ್ಟು ನಡೆಯುತ್ತದೆಂಬುದನ್ನು ಮಾತ್ರ ಖುದ್ದಾಗಿ ತಿಳಿಯಬೇಕು. ಖಾಸಗಿ ಸಂಸ್ಥೆಯಾದರೆ, ಕೊಡುವುದು ಪದವಿಯೋ ಡಿಪ್ಲೊಮವೋ, ಯಾವ ವಿಶ್ವವಿದ್ಯಾನಿಲಯದ್ದೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು.

ಜರ್ಮನಿಯಲ್ಲಿ ಶುಲ್ಕವೇ ಇಲ್ಲವೆಂಬ ಮಾತನ್ನು ನಂಬಿ ಹೊರಡುವವರಿಗೂ ಒಂದು ಮಾತು. 1767ರಿಂದ ಒಡವೆ ಕೈಗಾರಿಕೆಗೆ ಹೆಸರಾದ ಫೋರ್ಜ್‌ಹೈಮ್ ನಗರವಿರುವ ರಾಜ್ಯವು 2017ರಲ್ಲಿ ಯೂರೋಪಿನ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕ ವಿಧಿಸಿತು. ಹರಳುಗಳ ಊರಾದ ಇಡಾರ್-ಓಬರ್‌ಸ್ಟೈನ್ ಇರುವ ನೆರೆಯ ರಾಜ್ಯ ಹಾಗೆ ಮಾಡಲಿಲ್ಲ. ಎಲ್ಲಿಗೇ ಹೋದರೂ, ವಾಸದ ಖರ್ಚಿಗೆಂದು ಕೈಯಲ್ಲಿ ತೋರಿಸಬೇಕಾಗಿದ್ದ ಹಣ 2024ರಲ್ಲಿ ವರ್ಷಕ್ಕೆ 11,904 ಯೂರೋ.

ಆರಿಸುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿ ಬರುವುದಾದರೆ, ಪ್ರದರ್ಶನದ ಪೆಟ್ಟಿಗೆಯಲ್ಲಿ ಹೊಳೆಯುವ ಹಾರಗಳಿಗಿಂತ ಮೊದಲ ವರ್ಷದವರ ತಾಮ್ರದ ಬಟ್ಟಲುಗಳನ್ನು ತೋರಿಸಿರೆಂದು ಕೇಳಬೇಕು. ಸಕಾಲಕ್ಕೆ ಬೆಂಕಿ ಕಾಣದೆ ಬಡಿಸಿಕೊಂಡ ಬಟ್ಟಲಿನ ಅಂಚು ಸೀಳಿರುತ್ತದೆ. ನಾಲ್ಕಾರು ಬಟ್ಟಲುಗಳನ್ನು ತಿರುಗಿಸಿ ನೋಡಿದರೆ ಅಲ್ಲಿ ಪಾಠ ಹೇಗೆ ನಡೆಯುತ್ತದೆಂಬುದು ತಿಳಿಯುವುದು.