ಬೈತಲೆ ಅಗಲವಾದಾಗ

ಹೆಂಗಸರ ಕೂದಲು ತೆಳ್ಳಗಾಗುತ್ತಿರುವುದು ಮೊದಲು ಗೊತ್ತಾಗುವುದು ಬೈತಲೆಯಲ್ಲಿ. ಸಣ್ಣಗಿದ್ದ ಗೆರೆ ವರ್ಷ ಕಳೆದಂತೆ ಅಗಲವಾಗುತ್ತದೆ, ದೀಪದ ಕೆಳಗೆ ನಿಂತರೆ ನೆತ್ತಿಯ ಚರ್ಮ ಹೊಳೆಯುತ್ತದೆ. ಜಡೆಗೆ ಎರಡು ಸುತ್ತು ಸಾಕಾಗುತ್ತಿದ್ದ ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಸುತ್ತಬೇಕಾಗುತ್ತದೆ. ಹಿಂದೆ ಇಂಥವರು ಚೌರಿ ಸೇರಿಸಿ ಜಡೆ ಹೆಣೆದುಕೊಳ್ಳುತ್ತಿದ್ದರು. ಈಗ ಮೊಬೈಲ್ ತೆರೆದರೆ ಕೂದಲು ಕಸಿಯ ಜಾಹೀರಾತು ಎದುರಾಗುತ್ತದೆ: ಗ್ರಾಫ್ಟಿಗೆ ಇಷ್ಟು ರೂಪಾಯಿ, ಬೆಳಿಗ್ಗೆ ಬಂದರೆ ಸಂಜೆ ಮನೆಗೆ, ಕಂತಿನಲ್ಲೂ ಕಟ್ಟಬಹುದು. ಗಂಡಸರಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ಚಿಕಿತ್ಸೆ ಇದು. ಆದರೆ ಹೆಂಗಸರ ತಲೆಗೆ ಅದೇ ಲೆಕ್ಕ ಹೊಂದುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಬೋಳಾದ ನೆತ್ತಿಯನ್ನು ಬಿಟ್ಟು ಹಿಂದಲೆಯನ್ನು ನೋಡಬೇಕು.

1939ರಲ್ಲಿ ಜಪಾನಿನ ವೈದ್ಯ ಷೋಜಿ ಒಕುಡ ಸುಟ್ಟ ಗಾಯದಿಂದ ಕೂದಲು ಹೋಗಿದ್ದ ತಲೆ ಮತ್ತು ಹುಬ್ಬಿನ ಜಾಗಗಳಿಗೆ, ಅದೇ ರೋಗಿಯ ಕೂದಲಿರುವ ಚರ್ಮದ ಪುಟ್ಟ ದುಂಡನೆಯ ತುಣುಕುಗಳನ್ನು ನೆಟ್ಟು ವರದಿ ಬರೆದ. ಮಹಾಯುದ್ಧದ ಗದ್ದಲದಲ್ಲಿ ಆ ಜಪಾನಿ ಬರಹ ಪಶ್ಚಿಮದ ವೈದ್ಯರ ಕಣ್ಣಿಗೇ ಬೀಳಲಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಅದೇ ಕೆಲಸವನ್ನು ಗಂಡಸರ ಬೋಳುತಲೆಯ ಮೇಲೆ ಮಾಡಿ ನೋಡಿದ, 1959ರಲ್ಲಿ ಫಲಿತಾಂಶ ಪ್ರಕಟಿಸಿದ. ಹಿಂದಲೆಯಿಂದ ಕಿತ್ತು ಮುಂದಲೆಗೆ ನೆಟ್ಟ ಕೂದಲು ಹೊಸ ಜಾಗದ ಗುಣವನ್ನು ಪಡೆಯುವುದಿಲ್ಲ, ತನ್ನ ಹುಟ್ಟೂರಿನ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ಆತ ತೋರಿಸಿಕೊಟ್ಟ. ಮುಂದಲೆಯ ಕೂದಲನ್ನು ಸೊರಗಿಸುವ ಹಾರ್ಮೋನು ಹಿಂದಲೆಯಿಂದ ಬಂದ ಕೂದಲನ್ನು ಮುಟ್ಟದೆ ಬಿಡುತ್ತದೆ. ಇಡೀ ಕೂದಲು ಕಸಿ ವಿದ್ಯೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಆ ಗಂಡುಹಾರ್ಮೋನಿನ ಹೆಸರು ಡೈಹೈಡ್ರೋಟೆಸ್ಟೋಸ್ಟೆರೋನ್. ವಂಶದಿಂದ ಬಂದ ಒಲವಿರುವವರಲ್ಲಿ ಅದು ರೋಮಕೂಪಗಳನ್ನು ಕುಗ್ಗಿಸುತ್ತಾ ಹೋಗುತ್ತದೆ. ಒಂದೊಂದು ಸುತ್ತು ಬೆಳೆದು ಬಿದ್ದಾಗಲೂ ಕೂದಲು ಹಿಂದಿಗಿಂತ ಸಣ್ಣಗೆ, ಗಿಡ್ಡಗೆ ಹುಟ್ಟುತ್ತದೆ, ಕೊನೆಗೆ ಬರಿಯ ನವುರು ಉಳಿಯುತ್ತದೆ. ಗಂಡಸರಲ್ಲಿ ಇದು ಹಣೆಯ ಎರಡು ಮೂಲೆಯಿಂದಲೋ ನಡುನೆತ್ತಿಯಿಂದಲೋ ಶುರುವಾಗಿ ನಿರ್ದಿಷ್ಟ ಜಾಗಗಳನ್ನಷ್ಟೇ ಹಿಡಿಯುತ್ತದೆ. ಕಿವಿಯ ಮೇಲಿನ ಮತ್ತು ಹಿಂದಲೆಯ ಪಟ್ಟಿ ಮುದಿತನದವರೆಗೂ ಉಳಿಯುತ್ತದೆ. ಹೆಂಗಸರಲ್ಲಿ ದಾರಿಯೇ ಬೇರೆ. ಜರ್ಮನಿಯ ಎರಿಕ್ ಲುಡ್ವಿಗ್ 1977ರಲ್ಲಿ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದ. ಹಣೆಯಂಚಿನ ಕೂದಲು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಅದರ ಹಿಂದೆ ನೆತ್ತಿಯುದ್ದಕ್ಕೂ ಕೂದಲು ವಿರಳವಾಗುತ್ತದೆ. ಪೂರ್ತಿ ಬೋಳಾಗುವುದು ಅಪರೂಪ. ಹೆಂಗಸರಲ್ಲಿ ಹಾರ್ಮೋನಿನ ಪಾತ್ರವೂ ಗಂಡಸರಲ್ಲಿರುವಷ್ಟು ಸ್ಪಷ್ಟವಾಗಿಲ್ಲ. ಕೂದಲು ತೆಳುವಾದ ಅನೇಕರ ರಕ್ತದಲ್ಲಿ ಗಂಡುಹಾರ್ಮೋನಿನ ಮಟ್ಟ ಸರಿಯಾಗಿಯೇ ಇರುತ್ತದೆ.

ಇದಕ್ಕಿಂತ ದೊಡ್ಡ ತೊಡಕೊಂದಿದೆ. ಸಾಕಷ್ಟು ಹೆಂಗಸರಲ್ಲಿ ಈ ತೆಳುವಾಗುವಿಕೆ ನೆತ್ತಿಗೆ ನಿಲ್ಲದೆ ಕಿವಿಯ ಮೇಲಕ್ಕೂ ಹಿಂದಲೆಗೂ ಹಬ್ಬಿರುತ್ತದೆ. ಹೊರಗಣ್ಣಿಗೆ ಅಲ್ಲಿ ಕೂದಲು ದಟ್ಟವಾಗಿ ಕಂಡರೂ ಡರ್ಮೋಸ್ಕೋಪಿನಲ್ಲಿ ಹಿಗ್ಗಿಸಿ ನೋಡಿದರೆ ದಪ್ಪ ಕೂದಲಿನ ಪಕ್ಕದಲ್ಲೇ ಅರ್ಧಕ್ಕೂ ಕಡಿಮೆ ದಪ್ಪದ ಕೂದಲು, ಅದರ ಪಕ್ಕ ಇನ್ನೂ ಸಣ್ಣ ಎಳೆ. ನೋಡುವ ಜಾಗದಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಕೂದಲು ಹೀಗೆ ಸೊರಗಿದ್ದರೆ ಅಲ್ಲೂ ಕಾಯಿಲೆ ಕಾಲಿಟ್ಟಿದೆ ಎಂದೇ ಅರ್ಥ. ಒರೆಂಟ್ರೈಕ್ ಕಂಡುಕೊಂಡ ನಿಯಮ ಇಲ್ಲಿ ತಿರುಗಿಬೀಳುತ್ತದೆ: ನೆಟ್ಟ ಕೂದಲು ಹುಟ್ಟೂರಿನ ಗುಣವನ್ನೇ ತರುವುದರಿಂದ, ಸೊರಗುವ ಗುಣವನ್ನೂ ತರುತ್ತದೆ. ರೋಗ ಹತ್ತಿದ ಸಸಿಮಡಿಯಿಂದ ಪೈರು ಕಿತ್ತು ಬೇರೆ ಗದ್ದೆಗೆ ನಾಟಿ ಮಾಡಿದ ಹಾಗೆ. ಮೊದಲ ವರ್ಷ ಚೆನ್ನಾಗಿ ಕಾಣಬಹುದು, ನಾಲ್ಕಾರು ವರ್ಷಗಳಲ್ಲಿ ಹಳೆಯ ಕೂದಲಿನ ಜೊತೆ ಹೊಸದೂ ಹೋಗುತ್ತದೆ, ಹಿಂದಲೆಯ ಕಲೆ ಮಾತ್ರ ಉಳಿಯುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಗೆ ಯೋಗ್ಯರಾದ ಹೆಂಗಸರು ಗಂಡಸರಿಗಿಂತ ತುಂಬ ಕಡಿಮೆ.

ಲೆಕ್ಕವೂ ಒಮ್ಮೆ ಕಣ್ಣಮುಂದಿರಲಿ. ಆರೋಗ್ಯವಂತ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಅರ್ಧದಷ್ಟು ಹೋಗುವ ಹೊತ್ತಿಗೇ ತೆಳುವಾದದ್ದು ಬೇರೆಯವರ ಕಣ್ಣಿಗೆ ಬೀಳುವುದು. ಒಂದು ಗ್ರಾಫ್ಟಿನಲ್ಲಿ, ಅಂದರೆ ಬುಡಸಹಿತ ತೆಗೆದು ನೆಡುವ ಒಂದು ಗುಂಪಿನಲ್ಲಿ, ಒಂದರಿಂದ ನಾಲ್ಕು, ಸರಾಸರಿ ಎರಡು ಕೂದಲು. 2000 ಗ್ರಾಫ್ಟ್ ನೆಟ್ಟರೆ ಸಿಗುವುದು 4000 ಕೂದಲು. ಕಳೆದುಕೊಂಡ ಐವತ್ತು ಸಾವಿರಕ್ಕೆ ಇದು ಪರ್ಯಾಯವಲ್ಲ. ಅಲ್ಲದೆ ಆ 4000 ಹೊಸದಾಗಿ ಹುಟ್ಟಿದ್ದಲ್ಲ, ಹಿಂದಿದ್ದದ್ದು ಮುಂದೆ ಬಂದದ್ದು. ಬಲ್ಲ ವೈದ್ಯರು ಅದನ್ನು ನೆತ್ತಿಯ ತುಂಬ ಚೆಲ್ಲದೆ, ಕನ್ನಡಿಯಲ್ಲಿ ಹೆಚ್ಚು ಕಾಣುವ ಬೈತಲೆಯ ಮುಂಭಾಗದಲ್ಲಿ ಒತ್ತಾಗಿ ನೆಡುತ್ತಾರೆ. ಕೈ ಹಾಕುವ ಮೊದಲು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವವರನ್ನು ನಂಬಬಹುದು.

ಇಷ್ಟಕ್ಕೂ ಕೂದಲು ಉದುರುವುದೆಲ್ಲ ಈ ಜಾತಿಯದ್ದಲ್ಲ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರದಲ್ಲಿ ಬುಡ ಕುಗ್ಗಿಸಿಕೊಂಡು, ಸುಮಾರು ಮೂರು ತಿಂಗಳು ಸುಮ್ಮನಿದ್ದು ಬೀಳುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ಉಳಿದದ್ದನ್ನು ಉಂಡೆ ಕಟ್ಟಿ ಕೂಡಿಟ್ಟು, ಬೀದಿಗೆ ಬಂದವರಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಅಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸಿ, ಹೊರದೇಶಗಳಿಗೆ ಕಳಿಸುವ ಉದ್ಯಮ ಕೊಪ್ಪಳದ ಭಾಗ್ಯನಗರದಲ್ಲಿ ದೊಡ್ಡದಾಗಿ ಬೆಳೆದಿದೆ. ಉದುರಿದ ಕೂದಲನ್ನು ನೋಡಿ ಗಾಬರಿಯಾಗುವವರು ಈ ಸಹಜ ಲೆಕ್ಕವನ್ನು ನೆನಪಿಡಬೇಕು.

ಕೆಲವೊಮ್ಮೆ ಈ ಲೆಕ್ಕ ಇದ್ದಕ್ಕಿದ್ದಂತೆ ತಪ್ಪುತ್ತದೆ. ಟೈಫಾಯ್ಡ್, ಡೆಂಗಿ, ಕೋವಿಡ್‌ನಂಥ ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಮೈಗೆ ಬಿದ್ದ ಪೆಟ್ಟಿಗೆ ಬೆಳೆಯುತ್ತಿದ್ದ ಕೂದಲಿನಲ್ಲಿ ದೊಡ್ಡ ಪಾಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಒಟ್ಟಿಗೆ ಬೀಳುವುದು ಇದಕ್ಕೆ ಕಾರಣ. ರೋಮಕೂಪ ಮಾತ್ರ ಹಾಳಾಗಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಉದುರುವುದು ನಿಂತು ಹೊಸ ಕೂದಲು ಬರುತ್ತದೆ. ಬಾಣಂತಿಗೆ ಆ ಹೊತ್ತಿನಲ್ಲಿ ಯಾರಾದರೂ ಕಸಿ ಮಾಡಿಸಿಕೊಳ್ಳಿ ಎಂದರೆ ಅದು ಅನ್ಯಾಯ.

ಕೂದಲು ಉದುರಲು ಕಾರಣವಾಗಬಲ್ಲ ಕಬ್ಬಿಣದ ಕೊರತೆಯ ಮಾತು ಇನ್ನೂ ಗಂಭೀರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ತಿಳಿಯಲು ಫೆರಿಟಿನ್ ಪರೀಕ್ಷೆ ಬೇಕು. ಥೈರಾಯ್ಡ್ ತೊಂದರೆ, ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಕೂಡ ಕೂದಲಿನ ಮೇಲೆ ಕೈಯಾಡಿಸುತ್ತವೆ. ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಗಡುಸು ಕೂದಲು ಬರುತ್ತಿದ್ದರೆ ಹಾರ್ಮೋನು ಪರೀಕ್ಷೆ ಆಗಲೇಬೇಕು. ಇಲ್ಲಿ ಒಂದು ಎಚ್ಚರಿಕೆ: ಕೂದಲಿಗೆಂದು ಅಂಗಡಿಯಿಂದ ತಂದು ನುಂಗುವ ಬಯೋಟಿನ್ ಮಾತ್ರೆ ಅದರ ಕೊರತೆ ಇಲ್ಲದವರಿಗೆ ಕೂದಲು ಬೆಳೆಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಮೇಲಾಗಿ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಕೆಡಿಸಬಲ್ಲದು. ರಕ್ತ ಕೊಡುವ ಮೊದಲು ಆ ಮಾತ್ರೆಯ ವಿಷಯ ವೈದ್ಯರಿಗೆ ಹೇಳಬೇಕು.

ಹಾಗಾದರೆ ಕಸಿಯಿಂದ ನಿಜಕ್ಕೂ ಲಾಭ ಪಡೆಯುವ ಹೆಂಗಸರು ಯಾರು? ಸುಟ್ಟ ಗಾಯ, ಅಪಘಾತ, ಹಳೆಯ ಆಪರೇಷನ್ನಿನ ಕಲೆಯಿಂದ ಒಂದು ಜಾಗದಲ್ಲಿ ಕೂದಲು ಹೋದವರು. ಹುಟ್ಟಿನಿಂದಲೇ ಹಣೆ ತೀರ ಎತ್ತರವಿರುವವರು. ನೆತ್ತಿ ಮಾತ್ರ ತೆಳುವಾಗಿ, ಹಿಂದಲೆ ದಟ್ಟವಾಗಿ, ಕಾಯಿಲೆ ಔಷಧಿಯಿಂದ ಹತೋಟಿಗೆ ಬಂದವರು. ಇವರ ಜೊತೆಗೆ, ವರ್ಷಗಟ್ಟಲೆ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿ ಹಣೆಯಂಚು, ಕಿವಿಯ ಮುಂಭಾಗ ಸವೆದವರು. ಗ್ರೀನ್‌ಲ್ಯಾಂಡಿನ ಹೆಂಗಸರು ಬಿಗಿ ಜುಟ್ಟಿನಿಂದ ಹೀಗೆ ಕೂದಲು ಕಳೆದುಕೊಳ್ಳುತ್ತಿದ್ದುದನ್ನು ವೈದ್ಯರು 20ನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ನಮ್ಮಲ್ಲೂ ದಿನವಿಡೀ ಬಿಗಿ ತುರುಬಿನಲ್ಲಿರಬೇಕಾದ ಕೆಲಸದವರಲ್ಲಿ, ಭಾರದ ಚೌರಿ ಕಟ್ಟಿ ಕುಣಿಯುವ ನೃತ್ಯಗಾತಿಯರಲ್ಲಿ ಇದಾಗಬಹುದು. ಬೇಗ ಗುರುತಿಸಿ ಕಟ್ಟುವ ರೀತಿ ಬದಲಿಸಿದರೆ ಕೂದಲು ತಾನೇ ಮರಳುತ್ತದೆ. ತಡವಾದರೆ ರೋಮಕೂಪ ಸತ್ತು ಚರ್ಮ ನುಣುಪಾಗುತ್ತದೆ. ಆಗ ಕಸಿ ಕೈಹಿಡಿಯುತ್ತದೆ, ಎಳೆಯುವುದನ್ನು ಬಿಟ್ಟರೆ ಮಾತ್ರ.

ಹಣೆಯಂಚು ಹಿಂದೆ ಸರಿಯುವ ಇನ್ನೊಂದು ಕಾಯಿಲೆಯನ್ನು ಇದರೊಡನೆ ಬೆರೆಸಬಾರದು. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಿಗೆ ಬರುವ ಆ ಕಾಯಿಲೆಯಲ್ಲಿ ಹಣೆಯ ಮೇಲಿನ ಕೂದಲು ಪಟ್ಟಿಯಾಗಿ ಹಿಂದೆ ಹೋಗುತ್ತದೆ, ಹುಬ್ಬೂ ಉದುರುತ್ತದೆ, ಕೂದಲ ಬುಡದಲ್ಲಿ ಕೆಂಪು, ಹೊಟ್ಟು, ತುರಿಕೆ. ಆಸ್ಟ್ರೇಲಿಯಾದ ಸ್ಟೀವನ್ ಕೊಸಾರ್ಡ್ 1994ರಲ್ಲಿ ಇದನ್ನು ಮೊದಲು ವಿವರಿಸಿದ. ದೇಹದ ರಕ್ಷಣಾ ವ್ಯವಸ್ಥೆಯೇ ರೋಮಕೂಪವನ್ನು ನಾಶಮಾಡುವ ಈ ಕಾಯಿಲೆ ಚುರುಕಾಗಿದ್ದಾಗ ಕಸಿ ಮಾಡಿದರೆ ನೆಟ್ಟ ಕೂದಲನ್ನೂ ಅದು ತಿನ್ನುತ್ತದೆ. ಅನುಮಾನ ಬಂದಲ್ಲಿ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿಸದೆ ಮುಂದುವರಿಯುವುದು ತಪ್ಪು.

ಯೋಗ್ಯರೆಂದು ತೀರ್ಮಾನವಾದ ಮೇಲೆ ಎರಡು ದಾರಿ. ಎಫ್‌ಯುಇ ವಿಧಾನದಲ್ಲಿ ಒಂದು ಮಿಲಿಮೀಟರಿನಷ್ಟೋ ಅದಕ್ಕೂ ಕಡಿಮೆಯೋ ಅಗಲದ ಪಂಚಿನಿಂದ ಒಂದೊಂದೇ ಗ್ರಾಫ್ಟ್ ತೆಗೆಯುತ್ತಾರೆ. ಅದಕ್ಕೆ ಹಿಂದಲೆಯ ಕೂದಲನ್ನು ಸಾಮಾನ್ಯವಾಗಿ ಬೋಳಿಸಬೇಕು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ಉದ್ದನೆಯ ಪಟ್ಟಿಯನ್ನೇ ತೆಗೆದು ಹೊಲಿಯುತ್ತಾರೆ. ಗೆರೆಯಂಥ ಕಲೆ ಉಳಿದರೂ ಉದ್ದ ಕೂದಲು ಅದನ್ನು ಮುಚ್ಚುತ್ತದೆ. ಇದೇ ಕಾರಣಕ್ಕೆ ಹೆಂಗಸರಿಗೆ ಎರಡನೆಯದೇ ಸೂಕ್ತವೆನ್ನುವ ವೈದ್ಯರು ಅನೇಕರು, ಜಾಹೀರಾತುಗಳು ಅದನ್ನು ಹಳೆಯದೆಂದು ತಳ್ಳಿಹಾಕಿದರೂ.

ಪಟ್ಟಿ ಹೊರಬಂದ ಮೇಲಿನ ಕೆಲಸ ತಾಳ್ಮೆಯದು. ಸೂಕ್ಷ್ಮದರ್ಶಕದ ಮುಂದೆ ಕುಳಿತ ಸಹಾಯಕರು ಅದನ್ನು ತೆಳು ಸೀಳುಗಳಾಗಿ ಬಿಡಿಸಿ, ಪ್ರತಿ ಸೀಳಿನಿಂದ ಒಂದೊಂದು ಗುಂಪು ಕೂದಲನ್ನು ಬುಡಕ್ಕೆ ಪೆಟ್ಟಾಗದಂತೆ ಬೇರ್ಪಡಿಸುತ್ತಾರೆ. ಬುಡದ ಸುತ್ತ ಚೂರು ಬಿಳಿ ಕೊಬ್ಬು ಉಳಿದಿರಬೇಕು; ಒಣಗಿದರೆ ಗ್ರಾಫ್ಟ್ ನಿಮಿಷಗಳಲ್ಲಿ ಸಾಯುತ್ತದೆ. ತಣ್ಣನೆಯ ಸಲೈನಿನಲ್ಲಿ ಸಾಲಾಗಿ ಜೋಡಿಸಿಟ್ಟು, ಗಂಟೆಗಳೊಳಗೆ ನೆಟ್ಟು ಮುಗಿಸಬೇಕು. ಅತ್ತ ಶಸ್ತ್ರವೈದ್ಯರು ಮುಂದಲೆಯಲ್ಲಿ ಸೂಜಿಮೊನೆಯಿಂದ ಸಣ್ಣ ಸಣ್ಣ ಸೀಳು ಮಾಡುತ್ತಾರೆ, ಇರುವ ಕೂದಲು ಯಾವ ಕಡೆಗೆ ವಾಲಿದೆಯೋ ಅದೇ ಓರೆಯಲ್ಲಿ. ಹೆಂಗಸರ ತಲೆಯಲ್ಲಿ ಇದು ಹೆಚ್ಚು ಕಷ್ಟ, ಯಾಕೆಂದರೆ ನೆಡುವ ಜಾಗ ಖಾಲಿಯಿಲ್ಲ. ಉಳಿದಿರುವ ಕೂದಲಿನ ಬುಡಕ್ಕೆ ತಾಗದಂತೆ ನಡುವೆ ಇಳಿಸಬೇಕು. ಎಷ್ಟು ಜಾಗ್ರತೆ ಮಾಡಿದರೂ ಆ ಗಾಸಿಗೆ ಅಕ್ಕಪಕ್ಕದ ಹಳೆಯ ಕೂದಲು ಒಂದಿಷ್ಟು ಉದುರುವುದುಂಟು. ನೆಟ್ಟ ಕೂದಲೂ ಎರಡರಿಂದ ಆರು ವಾರಗಳಲ್ಲಿ ಉದುರುತ್ತದೆ, ಬುಡ ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಳೆತು, ವರ್ಷಕ್ಕೆ ರೂಪಕ್ಕೆ ಬರುತ್ತದೆ. ಮದುವೆಗೆ ಎರಡು ತಿಂಗಳಿದೆ ಎಂದು ಅವಸರಪಡುವವರಿಗೆ ಇದನ್ನು ಮೊದಲೇ ಹೇಳಬೇಕು: ಆ ದಿನಕ್ಕೆ ತಲೆ ಈಗಿರುವುದಕ್ಕಿಂತ ತೆಳ್ಳಗೆ ಕಾಣಬಹುದು.

ಕಸಿಯಾದರೂ ಔಷಧಿ ತಪ್ಪುವುದಿಲ್ಲ, ಯಾಕೆಂದರೆ ಹಳೆಯ ಕೂದಲು ಸೊರಗುವುದನ್ನು ಕಸಿ ತಡೆಯುವುದಿಲ್ಲ. ಬಹಳಷ್ಟು ಮಂದಿಗೆ ಔಷಧಿಯೊಂದೇ ಸಾಕಾಗುತ್ತದೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು; ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1991ರಲ್ಲಿ ಹೆಂಗಸರಿಗೂ ಅದಕ್ಕೆ ಅನುಮತಿ ಸಿಕ್ಕಿತು. ಹಚ್ಚಿದ ಮೊದಲ ಕೆಲವು ವಾರ ಕೂದಲು ಹೆಚ್ಚು ಉದುರುತ್ತದೆ, ಅನೇಕರು ಹೆದರಿ ಅಲ್ಲಿಗೇ ಬಿಡುತ್ತಾರೆ. ಗುಣ ತಿಳಿಯಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಬಸುರಿಯರು, ಹಾಲೂಡಿಸುವವರು ಇದನ್ನು ಬಳಸಬಾರದು. ಗಂಡಸರ ಬೋಳುತಲೆಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯಂತೂ ಮುಂದೆ ಬಸಿರಾಗಬಹುದಾದವರಿಗೆ ಸಲ್ಲದು.

ಕಸಿಯೆಂದರೆ ಚಿಕ್ಕ ಆಪರೇಷನ್ ಎಂಬ ಮಾತನ್ನು ನಂಬಿ ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ. ಗಂಟೆಗಟ್ಟಲೆ ನಡೆಯುವ ಕೆಲಸದಲ್ಲಿ ಮರಗಟ್ಟಿಸುವ ಮದ್ದು ಮಿತಿಮೀರಬಹುದು, ಅಲರ್ಜಿಯಾಗಬಹುದು, ಕೀವು ರಕ್ತಕ್ಕೆ ಸೇರಬಹುದು. ದೆಹಲಿಯಲ್ಲಿ ಇಂಥ ಒಂದು ಸಾವು ಹೈಕೋರ್ಟಿನ ಮೆಟ್ಟಿಲೇರಿತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿತು: ಇದಕ್ಕೆ ತಕ್ಕ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ವೈದ್ಯರೇ ಮಾಡಬೇಕು, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿಯಲ್ಲ, ತುರ್ತು ಚಿಕಿತ್ಸೆಯ ವ್ಯವಸ್ಥೆ ಇರಬೇಕು. ಬೋರ್ಡಿನಲ್ಲಿ ವೈದ್ಯರ ಹೆಸರಿದ್ದು ಒಳಗೆ ಟೆಕ್ನಿಷಿಯನ್ನರೇ ಎಲ್ಲ ಮುಗಿಸುವ ಕಡೆಗಳಲ್ಲಿ ಈ ಮಾರ್ಗಸೂಚಿ ಕಾಗದದಲ್ಲೇ ಉಳಿದಿದೆ.

ಕೂದಲು ತೆಳುವಾಗುವ ಸಂಕಟ ಸಣ್ಣದಲ್ಲ. ಅದನ್ನು ಹಗುರವಾಗಿ ನೋಡುವ ಮನೆಯವರಿಗೂ, ಅದನ್ನೇ ಬಂಡವಾಳ ಮಾಡಿಕೊಳ್ಳುವ ಅಂಗಡಿಯವರಿಗೂ ಈ ಹೆಂಗಸರು ಸಿಕ್ಕಿಕೊಳ್ಳಬಾರದು. ಮೊದಲು ಚರ್ಮವೈದ್ಯರಿಗೆ ತೋರಿಸಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲೂ ತೋರಿಸಬಹುದು. ರಕ್ತಪರೀಕ್ಷೆ ಮಾಡಿಸಿ, ಹೇಳಿದ ಔಷಧಿಯನ್ನು ಆರು ತಿಂಗಳಾದರೂ ಬಿಡದೆ ಬಳಸಿ. ಅದಾದ ಮೇಲೂ ಕಸಿಯ ಮಾತು ಬಂದರೆ ಎರಡು ಪ್ರಶ್ನೆ ಕೇಳಿ: ನನ್ನ ಹಿಂದಲೆಯನ್ನು ಡರ್ಮೋಸ್ಕೋಪಿನಲ್ಲಿ ನೋಡಿದ್ದೀರಾ? ಆ ದಿನ ಕತ್ತಿ ಹಿಡಿಯುವವರು ಯಾರು? ಎರಡಕ್ಕೂ ನೇರ ಉತ್ತರ ಸಿಗದ ಕಡೆ ಮುಂಗಡ ಕಟ್ಟಬೇಡಿ.