ಗಾಳಿಕೋವಿಗೂ ಶ್ರುತಿ ಬೇಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಆಸುಪಾಸಿನ ಕೃಷಿಕರಿಗೆ ಮಂಗಗಳ ಉಪಟಳ ಹೊಸತಲ್ಲ. ತೆಂಗಿನ ಮರದ ಬೊಂಡ, ಹಣ್ಣಾಗುವ ಬಾಳೆಗೊನೆ, ಎಳೆ ಅಡಿಕೆ ಯಾವುದನ್ನೂ ಅವು ಬಿಡುವುದಿಲ್ಲ. ಅವುಗಳನ್ನು ಓಡಿಸಲು ಹಿಂದೆ ಕವಣೆ, ಗರ್ನಾಲು, ಕೇಪಿನ ಕೋವಿಗಳಿದ್ದವು. ಈಗ ಆ ಸಾಲಿಗೆ ಏರ್‌ಗನ್ ಕೂಡ ಸೇರಿದೆ. ಕೊಂಡವರಲ್ಲಿ ಹಲವರ ಮೊದಲ ಆಸೆ ಅದರ 'ಪವರ್' ಹೆಚ್ಚಿಸಬೇಕೆಂಬುದು. ಗಾಳಿಕೋವಿಯನ್ನು ಹದ ಮಾಡುವುದೆಂದರೆ ಬಲ ಹೆಚ್ಚಿಸುವುದು ಎಂಬ ತಿಳಿವಳಿಕೆಯೇ ಈ ಆಸೆಯ ಮೂಲ. ಅದು ತಪ್ಪು ತಿಳಿವಳಿಕೆ.

ಗಾಳಿಕೋವಿಗಳಲ್ಲಿ ಎರಡು ಮುಖ್ಯ ಬಗೆ. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವುದು ಒಂದು. ಸ್ಪ್ರಿಂಗ್ ಬಿಟ್ಟಾಗ ಕೊಂತ ಮುನ್ನುಗ್ಗಿ ಆ ಕ್ಷಣದಲ್ಲಿ ಗಾಳಿಯನ್ನು ಒತ್ತುತ್ತದೆ. ಇನ್ನೊಂದು, ಮೊದಲೇ ಗಾಳಿ ತುಂಬಿಸಿಟ್ಟ ಕೋವಿ. ಪ್ರೀ-ಚಾರ್ಜ್ಡ್ ನ್ಯುಮ್ಯಾಟಿಕ್, ಚುಟುಕಾಗಿ ಪಿ.ಸಿ.ಪಿ. ಎಂದು ಇದಕ್ಕೆ ಹೆಸರು. ಇದರ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್‌ನಷ್ಟು ಒತ್ತಡದ ಗಾಳಿ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್ ಎಂದರೆ ಇದರ ಅಂದಾಜು ಸಿಕ್ಕೀತು. ಕುದುರೆ ಎಳೆದಾಗ ಒಳಗಿನ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ; ವಾಲ್ವು ಕಣ್ಣು ಮಿಟುಕಿಸುವಷ್ಟು ಹೊತ್ತೂ ತೆರೆದಿರುವುದಿಲ್ಲ. ಅಷ್ಟರೊಳಗೆ ನುಗ್ಗಿದ ಗಾಳಿ ಸೀಸದ ಪೆಲೆಟನ್ನು ಹೊರಗೆ ತಳ್ಳುತ್ತದೆ.

ಇದು ಇತ್ತೀಚಿನ ಕಲ್ಪನೆಯೇನಲ್ಲ. ಬಾರ್ತಲೋಮಿಯೊ ಜಿರಾಂದೊನಿ ಎಂಬ ಕುಶಲಿ ರೂಪಿಸಿದ ಗಾಳಿಕೋವಿಯನ್ನು ಆಸ್ಟ್ರಿಯದ ಸೈನ್ಯ 1780ರ ಸುಮಾರಿಗೆ ಬಳಕೆಗೆ ತಂದಿತು. ಹೊಗೆಯಿಲ್ಲ, ಮದ್ದು ಒದ್ದೆಯಾಗುವ ಚಿಂತೆಯಿಲ್ಲ, ಸುಮಾರು 20 ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಹುದಿತ್ತು. ಆದರೆ ಕೋವಿಯ ಹಿಂಬದಿಯಲ್ಲಿದ್ದ ಗಾಳಿಬುಡ್ಡಿ ತುಂಬಲು ಕೈಪಂಪನ್ನು ಸುಮಾರು 1,500 ಬಾರಿ ಒತ್ತಬೇಕಿತ್ತು. ಚರ್ಮದ ವಾಷರುಗಳು ಒಣಗಿದರೆ ಗಾಳಿ ಸೋರುತ್ತಿತ್ತು. ರಣರಂಗದಲ್ಲಿ ಅದನ್ನು ರಿಪೇರಿ ಮಾಡುವ ನುರಿತ ಕೈಗಳು ಕಡಮೆ. 1815ರ ವೇಳೆಗೆ ಸೈನ್ಯ ಅದನ್ನು ಕೈಬಿಟ್ಟಿತು. ಬಲ ಸಾಲದೆ ಸೋತ ಕೋವಿ ಅದಲ್ಲ. ಪಾಲನೆಯ ಕಷ್ಟಕ್ಕೆ ಸೋತದ್ದು.

ಇಂದಿಗೂ ಇದರ ಮೊದಲ ಶತ್ರು ಸೋರಿಕೆಯೇ. ಚರ್ಮದ ಜಾಗಕ್ಕೆ ರಬ್ಬರಿನ 'ಓ-ರಿಂಗ್' ಬಂದಿದೆ, ಅಷ್ಟೆ. ರಾತ್ರಿ ತುಂಬಿಸಿಟ್ಟ ಗಾಳಿಯ ಮುಳ್ಳು ಬೆಳಿಗ್ಗೆ ಇಳಿದಿದ್ದರೆ ಕೀಲುಗಳಿಗೆ ಸಾಬೂನು ನೀರು ಸವರಬೇಕು. ಸೈಕಲ್ ಟ್ಯೂಬಿನ ತೂತು ಹುಡುಕಿದಂತೆ, ಗುಳ್ಳೆ ಎದ್ದಲ್ಲಿ ದೋಷ. ಗಾಳಿ ನಳಿಗೆಯ ಕಡೆಯಿಂದ ಸುಯ್ಯೆಂದು ಬರುತ್ತಿದ್ದರೆ ವಾಲ್ವಿನ ಬಾಯಿಯಲ್ಲಿ ಕಸ ಕೂತಿದೆ ಅಥವಾ ಅದು ಸವೆದಿದೆ ಎಂದು ತಿಳಿಯಬಹುದು. ಕರಾವಳಿಯ ಮಳೆಗಾಲದ ತೇವದ ಗಾಳಿಯನ್ನು ಕೈಪಂಪಿನಿಂದ ತುಂಬಿದರೆ ನೀರಿನ ಪಸೆ ಒಳಗೆ ಸೇರಿ ಲೋಹ ಕಿಲುಬು ಹಿಡಿಯುತ್ತದೆ. ಹಾಗಾಗಿ ಪಂಪಿಗೆ ತೇವ ಹೀರುವ ಫಿಲ್ಟರ್ ಅಗತ್ಯ.

ಎರಡನೆಯ ತೊಂದರೆ ಒತ್ತಡದ ಏರುಪೇರು. ಗಾಳಿ ಹೆಚ್ಚು ತುಂಬಿದಷ್ಟೂ ಪೆಲೆಟ್ ಜೋರಾಗಿ ಹೋಗಬೇಕಲ್ಲವೇ? ಹಾಗಾಗುವುದಿಲ್ಲ. ಒತ್ತಡ ಮಿತಿ ಮೀರಿದರೆ ಸುತ್ತಿಗೆಯ ಪೆಟ್ಟಿಗೆ ವಾಲ್ವು ಸರಿಯಾಗಿ ತೆರೆಯುವುದೇ ಇಲ್ಲ. ಮೊದಲ ಹೊಡೆತಗಳು ಮೆತ್ತಗಾಗುತ್ತವೆ. ಗಾಳಿ ಕೊಂಚ ಇಳಿದ ಮೇಲೆ ವೇಗ ಹೆಚ್ಚಿ, ಸ್ವಲ್ಪ ಹೊತ್ತು ಸಮನಾಗಿದ್ದು, ಮತ್ತೆ ಬೀಳುತ್ತದೆ. ಆ ಸಮನಾದ ಹರವನ್ನು ಗುರುತಿಸಿ, ಸುತ್ತಿಗೆಯ ಸ್ಪ್ರಿಂಗನ್ನು ಅದಕ್ಕೆ ಹೊಂದಿಸುವುದೇ ಹದ ಮಾಡುವ ಕೆಲಸ. ಪೆಲೆಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಎಂಬ ಉಪಕರಣ ಇದಕ್ಕೆ ಬೇಕು. ಕೆಲವು ಕೋವಿಗಳಲ್ಲಿ ರೆಗ್ಯುಲೇಟರ್ ಇದ್ದು, ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಒದಗಿಸುತ್ತದೆ. ಅಡಿಕೆಗೆ ಮದ್ದು ಬಿಡುವ ಪಂಪಿನ ಮೇಲಿರುವ ಗಾಳಿಬುಡ್ಡಿಯನ್ನು ನೆನೆಯಿರಿ. ಮದ್ದು ತಡೆತಡೆದು ಚಿಮ್ಮದೆ ಒಂದೇ ಸಮನೆ ಹೋಗುವಂತೆ ಮಾಡುವುದು ಅದರ ಕೆಲಸ. ರೆಗ್ಯುಲೇಟರಿನ ಉದ್ದೇಶವೂ ಅಂಥದೇ.

ಗುರಿ ತಪ್ಪಿದಾಗಲೆಲ್ಲ ಗಾಳಿಯನ್ನೇ ದೂರಬೇಕಿಲ್ಲ. ಪೆಲೆಟಿನ ಬಗೆ ಬದಲಾಗಿರಬಹುದು, ನಳಿಗೆಯಲ್ಲಿ ಸೀಸ ಅಂಟಿರಬಹುದು, ದೃಷ್ಟಿಪಟ್ಟಿ ಸಡಿಲಾಗಿರಬಹುದು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅಂತಿಮ ಸುತ್ತಿಗೆ ಮುನ್ನ ಅಭ್ಯಾಸದ ಗುಂಡು ಹಾರಿಸಿದಾಗ ಅದು ಗುರಿಯಿಂದ ಬಹಳ ದೂರ ಬಿತ್ತು. ದೃಷ್ಟಿಪಟ್ಟಿ ಅಲುಗಿತ್ತು. ಅವರು ಗಾಬರಿಗೊಳ್ಳದೆ ಅದನ್ನು ಸರಿಪಡಿಸಿಕೊಂಡರು; ಕೊನೆಯ ಗುಂಡಿಗೆ 10.8 ಅಂಕ ಪಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಆ ಪಂದ್ಯದಲ್ಲಿ 10 ಮೀಟರ್ ದೂರದ ಗುರಿಯ ನಡುವಣ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಅದನ್ನು ಮುಟ್ಟುವ ಕೋವಿಯ ಪೆಲೆಟಿಗೆ ಸುಮಾರು 8 ಜೂಲ್ ಶಕ್ತಿ ಇದ್ದರೆ ಸಾಕು.

ಕಾನೂನಿನ ಗೆರೆಯೂ ಶಕ್ತಿಯ ಮೇಲೆಯೇ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರಿದ ಅಥವಾ 4.5 ಮಿಲಿಮೀಟರಿಗಿಂತ ಅಗಲದ ನಳಿಗೆಯ ಗಾಳಿಕೋವಿಗೆ ಪರವಾನಗಿ ಬೇಕು. ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ 283 ಮೀಟರ್ ವೇಗ ತಲುಪಿದರೆ ಆ ಗೆರೆ ಮುಟ್ಟಿದಂತೆ. 'ಪವರ್' ಹೆಚ್ಚಿಸಹೊರಟವರು ತಮಗರಿಯದೆಯೇ ಅದನ್ನು ದಾಟಿಯಾರು. ಇಲ್ಲಿನ ಮಂಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಯತ್ನಿಸುವುದೂ ಆ ಕಾಯ್ದೆಯಲ್ಲಿ ಬೇಟೆ ಎನಿಸುತ್ತದೆ. ಬೆಳೆ ಕಳೆದುಕೊಂಡವನ ಸಂಕಟ ನಿಜ. ಆದರೆ ಎಲೆಗಳ ಮರೆಯಿಂದ ತಪ್ಪಿ ಹೋದ ಪೆಲೆಟಿಗೆ ಆಚೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿರುವವರ ಕಣ್ಣು ತಿಳಿಯದು.

ರಿಪೇರಿಗೆ ಕೂರುವ ಮುನ್ನ ನೆನಪಿಡಬೇಕಾದ ಮಾತುಗಳು ಕೆಲವೇ. ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು ಗಾಳಿಯನ್ನು ಪೂರ್ತಿ ಬಿಡದೆ ಒಂದು ಸ್ಕ್ರೂವನ್ನೂ ಸಡಿಲಿಸಬಾರದು. ಒತ್ತಡದ ಭಾಗಗಳಿಗೆ ಸಾಮಾನ್ಯ ಎಣ್ಣೆ ಹಾಕಬಾರದು, ಅದು ಹೊತ್ತಿಕೊಳ್ಳಬಹುದು. ಸಿಲಿಕೋನ್ ಗ್ರೀಸ್ ಮಾತ್ರ ಸಲ್ಲುತ್ತದೆ. ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನಂತೂ ಎಂದೂ ತುಂಬಬಾರದು, ಸಿಲಿಂಡರ್ ಸಿಡಿದೀತು. ಸಿಲಿಂಡರಿನ ಬಾಳಿಕೆಯ ಅವಧಿ ಮುಗಿದಿದ್ದರೆ ಅದನ್ನು ಬದಲಿಸಲೇಬೇಕು.

ಯಕ್ಷಗಾನದ ಮದ್ದಳೆಗಾರ ಭಾಗವತರ ಶ್ರುತಿಗೆ ಮದ್ದಳೆಯನ್ನು ಹೊಂದಿಸುತ್ತಾನೆ. ದೊಡ್ಡ ಸದ್ದು ಬರಲಿ ಎಂದು ಬಿಗಿಯುತ್ತಲೇ ಹೋದರೆ ಚರ್ಮ ಹರಿದೀತು. ಗಾಳಿಕೋವಿಯ ಲೆಕ್ಕವೂ ಅದೇ.