ಅರ್ಜಿ ಈಗ ಯಾರ ಕೈಯಲ್ಲಿದೆ?



"ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೇವೆ ಸಾರ್, ಹಣ ಬಂದಿಲ್ಲ" ಎಂಬ ಮಾತು ಪ್ರತಿ ವರ್ಷವೂ ಕೇಳಿಬರುತ್ತದೆ. ಅರ್ಜಿ ಹಾಕುವುದು ಮೊದಲ ಹೆಜ್ಜೆ ಮಾತ್ರ. ಆಮೇಲೆ ಅದು ಹಲವರ ಕೈ ದಾಟಬೇಕು. ಪ್ರತಿ ಹಂತಕ್ಕೂ ಗಡುವಿದೆ. ಅದನ್ನು ಅರಿಯದೆ ಮಗುವಿನ ಒಂದು ವರ್ಷದ ನೆರವು ಕೈತಪ್ಪಬಾರದೆಂದು ಈ ವಿವರಣೆ.

ಶಾಲೆಯ ಗ್ರಂಥಾಲಯದ ರಿಜಿಸ್ಟರ್ ನೆನಪಿಸಿಕೊಳ್ಳಿ. ಪುಸ್ತಕ ಯಾರ ಬಳಿ ಇದೆ, ಯಾವಾಗ ಕೊಟ್ಟದ್ದು, ಯಾವಾಗ ಹಿಂದಿರುಗಬೇಕು ಎಂಬ ಮೂರು ಕಲಂ ಅದರಲ್ಲಿರುತ್ತವೆ. ಸರ್ಕಾರಿ ಪೋರ್ಟಲ್‌ಗಳೂ ಪ್ರತಿ ಅರ್ಜಿಗೆ ಇವೇ ಮೂರು ವಿಷಯ ಬರೆದಿಟ್ಟುಕೊಳ್ಳುತ್ತವೆ. ಗಡುವು ಮೀರಿದರೆ ಏನಾಗುತ್ತದೆ ಎಂಬುದರಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿದೆ.

ಮೊದಲನೆಯದು ಸಕಾಲ. 2011ರ ಕಾಯ್ದೆಯಂತೆ 2012ರ ಏಪ್ರಿಲ್ 2ರಿಂದ ರಾಜ್ಯವಿಡೀ ಜಾರಿಯಲ್ಲಿದೆ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗ ಬರುವ ಸ್ವೀಕೃತಿ ಚೀಟಿಯಲ್ಲಿ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. ಅಂದಿನಿಂದಲೇ ದಿನಗಳ ಎಣಿಕೆ ಶುರು. ಇಲ್ಲಿ ಗಡುವು ಕಚೇರಿಯ ಮೇಲಿದೆ. ಅವಧಿ ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ಆದ್ದರಿಂದ ಆ ಚೀಟಿಯನ್ನು ಜೋಪಾನವಾಗಿಡಿ.

ಎರಡನೆಯದು ವಿದ್ಯಾರ್ಥಿವೇತನದ ಪೋರ್ಟಲ್. ರಾಷ್ಟ್ರೀಯ ಪೋರ್ಟಲ್ ಎನ್.ಎಸ್.ಪಿ.ಯಲ್ಲಿ ವಿದ್ಯಾರ್ಥಿ ಸಲ್ಲಿಸಿದ ಅರ್ಜಿಯನ್ನು ಮೊದಲು ಶಾಲೆ ಅಥವಾ ಕಾಲೇಜಿನ ನೋಡಲ್ ಅಧಿಕಾರಿ, ಆನಂತರ ಮೇಲಿನ ಹಂತದ ನೋಡಲ್ ಅಧಿಕಾರಿ ಪರಿಶೀಲಿಸುತ್ತಾರೆ. ವಿದ್ಯಾರ್ಥಿಗೆ ಒಂದು ಕೊನೆ ದಿನ, ಸಂಸ್ಥೆಗೆ ಇನ್ನೊಂದು. ತಪ್ಪಿದ್ದರೆ ಅರ್ಜಿ ನಮ್ಮ ಖಾತೆಗೇ ವಾಪಸ್ ಬರುತ್ತದೆ. ತಿದ್ದಿ ಕಳಿಸಲೂ ದಿನ ಗೊತ್ತುಮಾಡಿರುತ್ತಾರೆ. ರಾಜ್ಯದ ಎಸ್.ಎಸ್.ಪಿ.ಯಲ್ಲಿ ಕಾಲೇಜು ವಿದ್ಯಾರ್ಥಿಗಳ ದಾಖಲೆಗಳನ್ನು ಇ-ದೃಢೀಕರಣ ಅಧಿಕಾರಿ ಒಪ್ಪಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯೂ ಬೇಕು.

ಇಲ್ಲಿ ಗಡುವು ನಮ್ಮ ಮೇಲೂ ಇದೆ. ವಾಪಸ್ ಬಂದ ಅರ್ಜಿಯನ್ನು ನಾವು ನೋಡದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ತಡವಾಯಿತೆಂದು ಸಕಾಲದಂತೆ ದಿನಕ್ಕಿಷ್ಟು ಪರಿಹಾರ ಸಿಗುವುದಿಲ್ಲ. ನಾಡಕಚೇರಿಯ ಗಡುವು ಮುಗಿಯುವ ಮೊದಲೇ ಪೋರ್ಟಲ್‌ನ ಕೊನೆ ದಿನ ಬಂದುಬಿಟ್ಟರೆ, ಯಾರ ತಪ್ಪೂ ಇಲ್ಲದೆ ಮಗುವಿಗೆ ನಷ್ಟ.

ಆದ್ದರಿಂದ ಪೋಷಕರಲ್ಲಿ ವಿನಂತಿ:

1. ಪ್ರಕಟಣೆಗಾಗಿ ಕಾಯದೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

2. ಅರ್ಜಿಯಲ್ಲಿ ಸೈಬರ್ ಅಂಗಡಿಯವರ ಫೋನ್ ನಂಬರ್ ಬೇಡ. ಮನೆಯಲ್ಲೇ ಇರುವ ನಂಬರ್ ಕೊಡಿ. ಓ.ಟಿ.ಪಿ. ಬರುವುದು ಅದಕ್ಕೇ.

3. ಹೆಸರು ಆಧಾರ್‌ನಲ್ಲೂ ಶಾಲಾ ದಾಖಲೆಯಲ್ಲೂ ಒಂದೇ ರೀತಿ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ.

4. ಅರ್ಜಿ ಹಾಕಿದ ಮೇಲೆ ವಾರಕ್ಕೊಮ್ಮೆ ಸ್ಥಿತಿ ಪರೀಕ್ಷಿಸಿ. ಸಂಸ್ಥೆಯ ಹಂತದಲ್ಲೇ ನಿಂತಿದ್ದರೆ, ಕೊನೆ ದಿನಕ್ಕೆ ಮೊದಲೇ ಹೋಗಿ ವಿನಯದಿಂದ ನೆನಪಿಸಿ. ಮಾವಿನ ಕೆಲಸಕ್ಕೆ ಊರು ಬಿಟ್ಟು ಹೋಗುವವರು ಈ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ ಹೋಗಿ.

ದಾನಿಗಳಲ್ಲೂ ಒಂದು ಮಾತು. ಸರ್ಕಾರದಿಂದ ಬರಬೇಕಾದ ನೆರವು ಮಕ್ಕಳಿಗೆ ಸರಿಯಾಗಿ ತಲುಪಿದರೆ, ತಾವು ಕೊಡುವ ಹಣ ಬೇರೆ ದಾರಿಯೇ ಇಲ್ಲದ ಮಗುವಿಗೆ ಉಳಿಯುತ್ತದೆ. ಓದಿದ ಯುವಕ ಯುವತಿಯರು ತಲಾ ಐದು ಮನೆಗಳ ಅರ್ಜಿಯ ಸ್ಥಿತಿ ನೋಡಿಕೊಡಲು ಮುಂದೆ ಬಂದರೆ ಅದೂ ದಾನವೇ. ನಮ್ಮ ಟ್ರಸ್ಟ್‌ನ ಅರ್ಜಿಗಳಿಗೂ ಆ ಮೂರು ಕಲಂಗಳ ರಿಜಿಸ್ಟರ್ ಇರಲಿ ಎಂಬುದು ನನ್ನ ಸಲಹೆ: ಯಾರ ಬಳಿ ಇದೆ, ಎಂದು ಬಂತು, ಎಂದಿಗೆ ಮುಗಿಯಬೇಕು. ಆಗ ಕೇಳಿದ ಪೋಷಕರಿಗೆ ತಕ್ಷಣ ಉತ್ತರ ಕೊಡಬಹುದು.